ಜೋಡಿ ಗೋಡೆಯ ಪಾತ್ರೆ: ತಿಗರಿಯ ಮೇಲೆ ಎತ್ತುವುದರಿಂದ ಜಾಲಂಧ್ರ ಕೊರೆಯುವವರೆಗೆ

ಒಂದೇ ತಳದ ಮೇಲೆ ಎರಡು ಗೋಡೆಗಳು ಎದ್ದು ನಿಂತು, ಬಾಯಿಯ ಅಂಚಿನಲ್ಲಿ ಒಂದಾಗಿ, ನಡುವೆ ಟೊಳ್ಳನ್ನು ಉಳಿಸಿಕೊಂಡರೆ ಅದು ಜೋಡಿ ಗೋಡೆಯ ಪಾತ್ರೆ. ಒಳಗೆ ಹಾಕಿದ್ದನ್ನು ಹಿಡಿದಿಡುವ ಕೆಲಸ ಪೂರ್ತಿಯಾಗಿ ಒಳಗೋಡೆಯದು. ಹೊರಗೋಡೆಗೆ ಆ ಹೊಣೆ ಇಲ್ಲದ ಕಾರಣ ಅದನ್ನು ಆಳವಾಗಿ ಕೆತ್ತಬಹುದು, ಆಚೆಯಿಂದ ಈಚೆಗೆ ಕೊರೆದು ಜಾಲಂಧ್ರವಾಗಿಸಬಹುದು, ಪಾತ್ರೆ ಸೋರುವುದಿಲ್ಲ. ಈ ಯೋಚನೆ ಹಳೆಯದು. ಇರಾನಿನ ಕಾಶಾನ್‌ನಲ್ಲಿ ತಯಾರಾದ, ಕ್ರಿ.ಶ. 1215–16ಕ್ಕೆ ಸರಿಹೊಂದುವ ಹಿಜರಿ ವರ್ಷವನ್ನು ಹೊತ್ತ, ಹೊರಗೋಡೆಯನ್ನು ಪೂರ್ತಿ ಕೊರೆದಿರುವ ಹೂಜಿಯೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಜಪಾನಿನ ಫುಕುಶಿಮಾ ಪ್ರಾಂತ್ಯದ ನಮಿಯೆಯಲ್ಲಿ ಬೆಳೆದ ಒಬೊರಿ ಸೋಮ ಕುಂಬಾರಿಕೆಯ ಬಟ್ಟಲುಗಳದು ಇನ್ನೊಂದು ಉದ್ದೇಶ: ಎರಡು ಗೋಡೆಗಳ ನಡುವಿನ ಗಾಳಿಯ ಪದರದಿಂದಾಗಿ ಒಳಗಿನ ಪಾನೀಯ ಬಿಸಿಯಾಗಿಯೇ ಇದ್ದರೂ ಕೈಗೆ ಬಿಸಿ ತಟ್ಟುವುದಿಲ್ಲ.

ಇದನ್ನು ಕಲಿಯಲು ಹೊರಟವರು ಮೊದಲು ಗಮನಿಸಬೇಕಾದ ಸಂಗತಿ ಒಂದಿದೆ. ಎರಡು ಗೋಡೆಗಳ ನಡುವಿನ ಬಾಯಿ ಮುಚ್ಚಿದ ಕ್ಷಣದಿಂದ ಟೊಳ್ಳಿನೊಳಗೆ ಕೈಯೂ ಹೋಗುವುದಿಲ್ಲ, ಸ್ಪಂಜೂ ಹೋಗುವುದಿಲ್ಲ. ಅಲ್ಲಿ ಉಳಿದ ನೀರು, ಒತ್ತದೆ ಬಿಟ್ಟ ಮೂಲೆ, ದಪ್ಪವಾಗಿ ಉಳಿದ ಬುಡ, ಎಲ್ಲವೂ ಹಾಗೆಯೇ ಆವಿಗೆಗೆ ಹೋಗುತ್ತವೆ. ಆದ್ದರಿಂದ ಈ ಕೆಲಸದ ನಿರ್ಧಾರಗಳನ್ನೆಲ್ಲ ಕೊನೆಯ ಹಂತದಿಂದ ಮೊದಲ ಹಂತದ ಕಡೆಗೆ ತೆಗೆದುಕೊಳ್ಳಬೇಕಾಗುತ್ತದೆ: ಕೊರೆತ ಹೇಗಿರಬೇಕೆಂಬುದು ಹೊರಗೋಡೆಯ ದಪ್ಪವನ್ನು ನಿರ್ಧರಿಸುತ್ತದೆ, ಆ ದಪ್ಪ ಮತ್ತು ನಡುವಿನ ಅಂತರ ಸೇರಿ ಮುದ್ದೆಯ ತೂಕವನ್ನು ನಿರ್ಧರಿಸುತ್ತವೆ. ಮಾಮೂಲಿ ಬಟ್ಟಲಿನಂತೆ ಮಣ್ಣನ್ನು ಚಕ್ರದ ಮೇಲಿಟ್ಟು ಆಮೇಲೆ ಯೋಚಿಸೋಣ ಎಂದರೆ ಇಲ್ಲಿ ನಡೆಯುವುದಿಲ್ಲ.

ಚಕ್ರ ತಿರುಗಿಸುವ ಮುನ್ನ

ಪಾತ್ರೆಯನ್ನು ನಡುವೆ ಸೀಳಿದರೆ ಹೇಗೆ ಕಾಣುತ್ತದೋ ಹಾಗೆ ಅದರ ಚಿತ್ರವನ್ನು ಕಾಗದದ ಮೇಲೆ ನಿಜವಾದ ಅಳತೆಯಲ್ಲೇ ಬರೆದುಕೊಳ್ಳಿರಿ. ಮೊದಲ ಪಾತ್ರೆಗೆ ನಾನು ಸೂಚಿಸುವುದು ಸುಮಾರು 18 ಸೆಂ.ಮೀ. ಅಗಲದ ಹೊಟ್ಟೆ ಮತ್ತು 10ರಿಂದ 11 ಸೆಂ.ಮೀ. ಎತ್ತರವಿರುವ ಬಟ್ಟಲು. ಇದಕ್ಕಿಂತ ಚಿಕ್ಕದಾದರೆ ಬೆರಳುಗಳಿಗೆ ಜಾಗ ಸಾಲದು. ಎತ್ತರ ಹೆಚ್ಚಾದರೆ ಬೆರಳಿನ ಉದ್ದ ಸಾಲದು. ಎರಡು ಗೋಡೆಗಳ ನಡುವಿನ ಅಂತರ ಅತ್ಯಂತ ಕಿರಿದಾದ ಜಾಗದಲ್ಲಿಯೂ 1.5 ಸೆಂ.ಮೀ.ಗಿಂತ ಕಡಿಮೆಯಾಗಬಾರದು. ಕೊರೆಯುವಾಗ ಚಾಕುವಿನ ಮೊನೆ ಹೊರಗೋಡೆಯನ್ನು ದಾಟಿ ಒಳಗೋಡೆಗೆ ತಾಗಿದರೆ ಅಲ್ಲಿ ಬೀಳುವ ಗೀರು ಸುಟ್ಟಾಗ ಬಿರುಕಾಗುತ್ತದೆ. ನೀರು ಹಿಡಿಯಬೇಕಾದ ಗೋಡೆಯಲ್ಲಿಯೇ ಅದು ಬರುವುದರಿಂದ ಪಾತ್ರೆ ಕೆಲಸಕ್ಕೆ ಬಾರದು.

ದಪ್ಪದ ವಿಷಯದಲ್ಲಿ ಎರಡು ಗೋಡೆಗಳಿಗೆ ಒಂದೇ ನಿಯಮವಿಲ್ಲ. ಒಳಗೋಡೆ 5 ಮಿ.ಮೀ. ಆಸುಪಾಸು ಇದ್ದರೆ ಸಾಕು. ಹೊರಗೋಡೆಯನ್ನು ಬರೀ ಕೊರೆದು ತೆರವು ಮಾಡುವುದಾದರೆ 6 ಮಿ.ಮೀ., ಮೇಲ್ಮೈಯಲ್ಲಿ ಉಬ್ಬು ತಗ್ಗುಗಳನ್ನು ಕೆತ್ತುವುದಾದರೆ 8ರಿಂದ 9 ಮಿ.ಮೀ. ಇರಲಿ. ಗೋಡೆ ತೆಳ್ಳಗಿದ್ದಷ್ಟೂ ಕುಶಲತೆ ಹೆಚ್ಚು ಎಂಬ ಅಭಿಪ್ರಾಯ ತಿಗರಿಯ ಬಳಿ ಕುಳಿತವರಲ್ಲಿ ಬೇರೂರಿರುತ್ತದೆ. ಕೆತ್ತನೆಗೆ ಹೊರಟವರು ಅದನ್ನು ಸ್ವಲ್ಪ ಬದಿಗಿಡಬೇಕು.

ಮಣ್ಣು ನುಣುಪಾಗಿರಬೇಕು. ದಪ್ಪ ಗ್ರಾಗ್ (ಸುಟ್ಟ ಮಣ್ಣಿನ ಪುಡಿ) ಬೆರೆತ ಮಣ್ಣು ಚಕ್ರದ ಮೇಲೆ ಚೆನ್ನಾಗಿ ನಿಲ್ಲುತ್ತದೆಯಾದರೂ ಕೊರೆಯುವಾಗ ಅದರ ಹರಳುಗಳು ಚಾಕುವಿನ ಬಾಯಿಗೆ ಸಿಕ್ಕಿ ಅಂಚನ್ನು ಹರಿಯುತ್ತವೆ. ನುಣುಪಾದ ಸ್ಟೋನ್‌ವೇರ್ (ಹೆಚ್ಚಿನ ಶಾಖದಲ್ಲಿ ಕಲ್ಲಿನಂತೆ ಗಟ್ಟಿಯಾಗುವ) ಮಣ್ಣು ಆರಂಭಕ್ಕೆ ಅತ್ಯುತ್ತಮ. ಪಿಂಗಾಣಿ ಮಣ್ಣಿನಲ್ಲಿ ಕೊರೆತ ಬಹಳ ಸೊಗಸಾಗಿ ಬರುತ್ತದೆ. ಆದರೆ ಅದು ಕುಗ್ಗುವುದೂ ಹೆಚ್ಚು, ಆವಿಗೆಯಲ್ಲಿ ಬಾಗುವುದೂ ಹೆಚ್ಚು, ಆದ್ದರಿಂದ ಅದನ್ನು ಕೈ ಪಳಗಿದ ಮೇಲೆ ಹಿಡಿಯುವುದು ಒಳ್ಳೆಯದು. ಸಾಮಾನ್ಯ ಸ್ಟೋನ್‌ವೇರ್ ಮಣ್ಣು ಒದ್ದೆ ಹದದಿಂದ ಪೂರ್ತಿ ಸುಡುವವರೆಗೆ ಶೇಕಡಾ 10ರಿಂದ 13ರಷ್ಟು ಕುಗ್ಗುತ್ತದೆ ಎಂಬುದನ್ನು ಚಿತ್ರ ಬರೆಯುವಾಗಲೇ ಲೆಕ್ಕಕ್ಕೆ ಹಿಡಿಯಿರಿ.

ಉಪಕರಣಗಳಲ್ಲಿ ಮಾಮೂಲಿ ತಂತಿ, ರಿಬ್ (ಮೇಲ್ಮೈ ತೀಡುವ ಚಪ್ಪಟೆ ಪಟ್ಟಿ), ಸೂಜಿ ಮತ್ತು ಹೆರೆಯುವ ಲೂಪ್‌ಗಳ (ಹಿಡಿಗೆ ಸಿಕ್ಕಿಸಿದ ಲೋಹದ ಕುಣಿಕೆಗಳ) ಜೊತೆಗೆ ಮೂರು ವಸ್ತುಗಳು ಬೇಕು: ಕೋಲಿನ ತುದಿಗೆ ಕಟ್ಟಿದ ಚಿಕ್ಕ ಸ್ಪಂಜು, ತೆಳುವಾದ ಮೊನಚು ಅಲಗಿನ ಚಾಕು, 3ರಿಂದ 5 ಮಿ.ಮೀ. ಗಾತ್ರದ ಕೆಲವು ಡ್ರಿಲ್ ಬಿಟ್‌ಗಳು. ಡ್ರಿಲ್ ಬಿಟ್‌ಗಳನ್ನು ಯಂತ್ರಕ್ಕೆ ಸಿಕ್ಕಿಸಬೇಕಿಲ್ಲ; ಬೆರಳುಗಳ ನಡುವೆ ಹಿಡಿದು ತಿರುಗಿಸಿದರೆ ಸಾಕು.

ಒಂದೇ ಮುದ್ದೆಯಿಂದ ಎರಡು ಗೋಡೆ

ಮೇಲೆ ಹೇಳಿದ ಅಳತೆಯ ಬಟ್ಟಲಿಗೆ 2.5 ಕಿಲೋ ಮಣ್ಣು ಬೇಕಾಗುತ್ತದೆ. ಚೆನ್ನಾಗಿ ನಾದಿ ಗಾಳಿಗುಳ್ಳೆಗಳನ್ನು ತೆಗೆದ ಮುದ್ದೆಯನ್ನು ಚಕ್ರಕ್ಕೆ ಭದ್ರಪಡಿಸಿದ ಬ್ಯಾಟ್ (ಪಾತ್ರೆಯ ಸಮೇತ ಎತ್ತಿ ತೆಗೆಯಬಹುದಾದ) ಹಲಗೆಯ ಮೇಲೆ ಕೂರಿಸಿ ಕೇಂದ್ರಕ್ಕೆ ತನ್ನಿರಿ. ಎತ್ತರವಾದ ಗುಮ್ಮಟ ಇಲ್ಲಿ ಬೇಡ. ಸುಮಾರು 18 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರದ ತಗ್ಗಾದ ಬಿಲ್ಲೆ ಬೇಕು. ಬ್ಯಾಟ್ ಇಲ್ಲದೆ ನೇರವಾಗಿ ಚಕ್ರದ ಮೇಲೆ ಮಾಡಿದರೆ ಮುಗಿದ ಪಾತ್ರೆಯನ್ನು ಎತ್ತುವಾಗ ಹೊರಗೋಡೆಯನ್ನು ಹಿಡಿಯಬೇಕಾಗುತ್ತದೆ, ಅದು ಒಳಕ್ಕೆ ತಗ್ಗಿದರೆ ಸರಿಪಡಿಸಲು ಒಳಗಿನಿಂದ ಒತ್ತುವ ದಾರಿಯಿಲ್ಲ.

ಈಗ ನಡುವನ್ನು ತೆರೆಯಿರಿ. ತಳದಲ್ಲಿ 1 ಸೆಂ.ಮೀ. ದಪ್ಪ ಉಳಿಯುವಷ್ಟು ಆಳಕ್ಕೆ ಇಳಿದು, ಒಳಬಟ್ಟಲಿನ ತಳ ಎಷ್ಟು ಅಗಲ ಬೇಕೋ ಅದಕ್ಕಿಂತ ಸುಮಾರು 1 ಸೆಂ.ಮೀ. ಹೆಚ್ಚಾಗಿಯೇ ತೆರೆಯಿರಿ, ಏಕೆಂದರೆ ಮುಂದೆ ಕಾಲುವೆ ತೋಡುವಾಗ ಒಳಗಿನ ಮಣ್ಣು ಮತ್ತೆ ಕೇಂದ್ರದ ಕಡೆಗೆ ಸರಿಯುತ್ತದೆ. ತಳವನ್ನು ಕೇಂದ್ರದಿಂದ ಹೊರಕ್ಕೂ ಹೊರಗಿನಿಂದ ಕೇಂದ್ರಕ್ಕೂ ಎರಡು ಮೂರು ಬಾರಿ ಒತ್ತಿ ಬಿಗಿಗೊಳಿಸಿರಿ. ಇದನ್ನು ಮಾಡದಿದ್ದರೆ ಒಣಗುವಾಗ ತಳದ ನಡುವೆ ಬಾಗಿದ ಬಿರುಕು ಕಾಣಿಸಿಕೊಳ್ಳುತ್ತದೆ.

ಈಗ ನಿಮ್ಮ ಮುಂದಿರುವುದು ದಪ್ಪವಾದ ಒಂದು ಉಂಗುರ. ಇದರ ಮೇಲ್ಭಾಗವನ್ನು ಚಪ್ಪಟೆಯಾಗಿ ಒತ್ತಿ, ಚಕ್ರ ಮಧ್ಯಮ ವೇಗದಲ್ಲಿ ತಿರುಗುತ್ತಿರುವಾಗ ತೋರುಬೆರಳಿನ ತುದಿಯಿಂದ ಒಂದು ಗೆರೆ ಮೂಡಿಸಿರಿ. ಈ ಗೆರೆ ಉಂಗುರದ ನಟ್ಟನಡುವೆ ಇರಬಾರದು. ಒಳಗೋಡೆಗೆ ಮೂರರಲ್ಲಿ ಒಂದು ಪಾಲು, ಹೊರಗೋಡೆಗೆ ಎರಡು ಪಾಲು ಮಣ್ಣು ದೊರೆಯುವಂತೆ ಅದು ಒಳಬದಿಗೆ ಸರಿದಿರಬೇಕು. ಹೊರಗೋಡೆ ಹೊಟ್ಟೆ ಬಿಟ್ಟು ಮತ್ತೆ ಒಳಕ್ಕೆ ಬಾಗಿ ಬರಬೇಕಾದ್ದರಿಂದ ಅದು ಸಾಗಬೇಕಾದ ದಾರಿ ಬಹಳ ಉದ್ದ. ಹೊಸಬರು ಮಣ್ಣನ್ನು ಸಮವಾಗಿ ಹಂಚುತ್ತಾರೆ. ಕೊನೆಯಲ್ಲಿ ಒಳಗೋಡೆಯಲ್ಲಿ ಮಣ್ಣು ಮಿಕ್ಕಿ ಹೊರಗೋಡೆ ಬಾಯಿ ತಲುಪದೆ ನಿಂತುಬಿಡುತ್ತದೆ.

ಗೆರೆಯನ್ನು ನಿಧಾನವಾಗಿ ಆಳಗೊಳಿಸುತ್ತ ಕಾಲುವೆ ತೋಡಿರಿ. ಎಡಗೈಯಿಂದ ಹೊರಬದಿಗೆ ಆಸರೆ ಕೊಡುತ್ತ, ಬಲಗೈಯ ಬೆರಳುಗಳನ್ನು ನೇರವಾಗಿ ಕೆಳಗಿಳಿಸಿ, ಕಾಲುವೆಯ ತಳದಲ್ಲಿಯೂ 1 ಸೆಂ.ಮೀ. ಉಳಿದಾಗ ನಿಲ್ಲಿಸಿರಿ. ಆಳ ಗೊತ್ತಾಗದಿದ್ದರೆ ಸೂಜಿ ಚುಚ್ಚಿ ನೋಡಿ, ತೂತನ್ನು ಮತ್ತೆ ಒತ್ತಿ ಮುಚ್ಚಿರಿ. ಎರಡು ಬೆರಳುಗಳು ಸಲೀಸಾಗಿ ಆಡುವಷ್ಟು, ಅಂದರೆ 2.5ರಿಂದ 3 ಸೆಂ.ಮೀ. ಅಗಲಕ್ಕೆ ಕಾಲುವೆಯನ್ನು ಹಿಗ್ಗಿಸಿದ ಮೇಲೆ ಅದರ ತಳವನ್ನೂ ಬೆರಳ ತುದಿಯಿಂದ ಒತ್ತಿ ಬಿಗಿಗೊಳಿಸಿರಿ. ಗೋಡೆ ಮತ್ತು ತಳ ಕೂಡುವ ಎರಡು ಮೂಲೆಗಳನ್ನು ಚೂಪಾಗಿ ಬಿಡದೆ ಸ್ವಲ್ಪ ದುಂಡಗೆ ಮಾಡುವುದು ಮುಖ್ಯ. ಜೋಡಿ ಗೋಡೆಯ ಪಾತ್ರೆಗಳಲ್ಲಿ ಹೊರಗಿನಿಂದ ಕಾಣದ ಬಿರುಕುಗಳು ಹೆಚ್ಚಾಗಿ ಹುಟ್ಟುವುದು ಈ ಮೂಲೆಗಳಲ್ಲಿಯೇ.

ಮೊದಲು ಒಳಗೋಡೆಯನ್ನು ಎತ್ತಿರಿ. ಹೊರಗಿನ ಉಂಗುರ ಇನ್ನೂ ಗಿಡ್ಡವಾಗಿರುವುದರಿಂದ ಕೈಗೆ ಅಡ್ಡವಾಗುವುದಿಲ್ಲ. ಒಂದು ಕೈಯ ಬೆರಳುಗಳು ಒಳಬಟ್ಟಲಿನಲ್ಲಿ, ಇನ್ನೊಂದು ಕೈಯ ಬೆರಳುಗಳು ಕಾಲುವೆಯಲ್ಲಿ ಇದ್ದು, ಎರಡು ಮೂರು ಬಾರಿ ಎತ್ತಿ ಗೋಡೆಯನ್ನು ಪೂರ್ತಿ ಎತ್ತರಕ್ಕೆ ತರಬೇಕು. ಈ ಹಂತದಲ್ಲಿ ಅದು ನೇರ ಕೊಳವೆಯಾಗಿರಲಿ, ಸಾಧ್ಯವಾದರೆ ತುಸು ಒಳಕ್ಕೇ ವಾಲಿರಲಿ. ಬಟ್ಟಲಿನ ಆಕಾರವನ್ನು ಈಗಲೇ ಕೊಟ್ಟರೆ ಅದರ ಅಂಚು ಕಾಲುವೆಯ ಮೇಲೆ ಚಾಚಿಕೊಂಡು ಹೊರಗೋಡೆಯನ್ನು ಎತ್ತಲು ಬೆರಳಿಗೆ ದಾರಿ ಇಲ್ಲದಂತಾಗುತ್ತದೆ. ಎತ್ತರ ಉದ್ದೇಶಿಸಿದ್ದಕ್ಕಿಂತ 1 ಸೆಂ.ಮೀ. ಹೆಚ್ಚಿರಲಿ. ಅಂಚನ್ನು ಸ್ವಲ್ಪ ದಪ್ಪವಾಗಿ ಉಳಿಸಿ, ಬೆರಳಿನಿಂದ ಒತ್ತಿ ಸಮಗೊಳಿಸಿರಿ.

ಆಮೇಲೆ ಹೊರಗೋಡೆ. ಕಾಲುವೆಯೊಳಗಿನ ಬೆರಳುಗಳು ಒಳಗೋಡೆಗೆ ತಾಗದಂತೆ ಇದನ್ನು ಎತ್ತುವುದು ಇಡೀ ವಿಧಾನದಲ್ಲಿ ಕಠಿಣವಾದ ಭಾಗ. ಮೊದಲ ಬಾರಿ ಎತ್ತುವಾಗ ಗೋಡೆಯನ್ನು ಸ್ವಲ್ಪ ಹೊರಕ್ಕೆ ವಾಲಿಸಿದರೆ ಜಾಗ ಸಿಗುತ್ತದೆ. ಬೆರಳಿನ ಗೆಣ್ಣುಗಳು ಒಳಗೋಡೆಗೆ ಉಜ್ಜುತ್ತಿದ್ದರೆ ತುದಿ ದುಂಡಗಿರುವ ಮರದ ಕೋಲನ್ನು ಒಳಬದಿಯಲ್ಲಿ ಹಿಡಿದು, ಹೊರಗಿನಿಂದ ಬೆರಳುಗಳಿಂದ ಒತ್ತುತ್ತ ಎತ್ತಬಹುದು. ಬುಡದಲ್ಲಿ ಮಣ್ಣು ಉಳಿಯದಂತೆ ಪ್ರತಿ ಬಾರಿಯೂ ಕಾಲುವೆಯ ತಳದಿಂದಲೇ ಎತ್ತಲು ಆರಂಭಿಸಿರಿ. ನೀರನ್ನು ಬಹಳ ಮಿತವಾಗಿ ಬಳಸಿರಿ. ಸುರಿದದ್ದೆಲ್ಲ ಕಾಲುವೆಗೆ ಇಳಿದು ಅಲ್ಲೇ ನಿಂತು ಎರಡೂ ಗೋಡೆಗಳ ಬುಡವನ್ನು ಮೆತ್ತಗೆ ಮಾಡುತ್ತದೆ. ನೀರಿನ ಬದಲು ಅದೇ ಮಣ್ಣಿನ ಸ್ಲಿಪ್ (ನೀರಿನಲ್ಲಿ ಕಲಸಿದ ಮಣ್ಣಿನ ಗಂಜಿ) ಸವರಿಕೊಂಡರೆ ಜಾರುವಿಕೆ ಹೆಚ್ಚು ಹೊತ್ತು ಉಳಿಯುತ್ತದೆ.

ಹೊರಗೋಡೆ ಒಳಗೋಡೆಗಿಂತ 3ರಿಂದ 4 ಸೆಂ.ಮೀ. ಎತ್ತರವಾದಾಗ ಒಳಬದಿಯಿಂದ ಒತ್ತಿ ಹೊಟ್ಟೆ ಬಿಡಿಸಿರಿ. ಬಾಗಿ ಬರಬೇಕಾದ ಹೆಗಲಿಗೆ ಆ ಹೆಚ್ಚುವರಿ ಎತ್ತರ ಬೇಕೇ ಬೇಕು.

ಬಾಯಿ ಮುಚ್ಚುವುದು

ಇಲ್ಲಿ ಒಮ್ಮೆ ಚಕ್ರವನ್ನು ನಿಲ್ಲಿಸಿ ನೋಡಿರಿ. ಕಾಲುವೆಯಲ್ಲಿ ನಿಂತ ನೀರನ್ನು ಕೋಲಿನ ಸ್ಪಂಜಿನಿಂದ ಪೂರ್ತಿ ಹೀರಿ ತೆಗೆಯಬೇಕು, ತಳದಲ್ಲಿ ಕುಳಿತ ಕೆಸರನ್ನೂ ಒರೆಸಬೇಕು. ಒಳಗೋಡೆಯ ಹೊರಮೈ ಮುಂದೆ ತೆರವುಗಳ ಮೂಲಕ ಕಾಣುವುದರಿಂದ ಅದರ ಮೇಲಿನ ಬೆರಳಚ್ಚುಗಳನ್ನು ಈಗಲೇ ರಿಬ್‌ನಿಂದ ಸಮಗೊಳಿಸಿರಿ. ಸಮಯವಿದ್ದರೆ ಎರಡು ಅಂಚುಗಳ ಮೇಲೆ ಒದ್ದೆ ಬಟ್ಟೆಯ ಪಟ್ಟಿ ಇಟ್ಟು ಪಾತ್ರೆಯನ್ನು ಸ್ವಲ್ಪ ಹೊತ್ತು ಬಿಡುವುದು ಒಳ್ಳೆಯದು. ಗೋಡೆಗಳು ತುಸು ಗಟ್ಟಿಯಾದರೆ ಮುಂದಿನ ಒತ್ತಡವನ್ನು ತಾಳಿಕೊಳ್ಳುತ್ತವೆ, ಅಂಚುಗಳು ಮಾತ್ರ ಮೆತ್ತಗೆ ಉಳಿಯುತ್ತವೆ.

ಈಗ ಎರಡೂ ಕೈಗಳ ಹೆಬ್ಬೆರಳು ಮತ್ತು ನಡುಬೆರಳುಗಳಿಂದ ಹೊರಗೋಡೆಯ ಮೇಲ್ಭಾಗವನ್ನು ಸುತ್ತುವರಿದು, ಚಕ್ರ ತಿರುಗುತ್ತಿರುವಂತೆ ಮೆಲ್ಲಗೆ ಒಳಕ್ಕೆ ಅಮುಕುತ್ತ ಬನ್ನಿರಿ. ಒಂದೇ ಬಾರಿಗೆ ಬಾಯಿ ಕಿರಿದಾಗಿಸಲು ಹೋದರೆ ಗೋಡೆ ನೆರಿಗೆಗಟ್ಟುತ್ತದೆ. ಅಮುಕಿದಾಗಲೆಲ್ಲ ಮಣ್ಣು ಒಟ್ಟುಗೂಡಿ ದಪ್ಪವಾಗುವುದರಿಂದ, ಎರಡು ಬಾರಿ ಅಮುಕಿದ ಮೇಲೆ ಒಂದು ಬಾರಿ ತೆಳುವಾಗಿ ಎತ್ತಿ, ಮತ್ತೆ ಅಮುಕಬೇಕು. ಹೆಗಲು ತೀರಾ ಚಪ್ಪಟೆಯಾಗದಂತೆ ಎಚ್ಚರವಹಿಸಿರಿ, ಏಕೆಂದರೆ ಚಪ್ಪಟೆ ಹೆಗಲನ್ನು ಕೊರೆದರೆ ಅದು ಆವಿಗೆಯ ಶಾಖಕ್ಕೆ ಕುಸಿಯುತ್ತದೆ.

ಹೊರಗೋಡೆಯ ಅಂಚು ಒಳಗೋಡೆಯ ಅಂಚಿನಿಂದ ಬೆರಳಗಲ ದೂರಕ್ಕೆ ಬಂದಾಗ, ಒಳಗೋಡೆಯನ್ನು ಬಟ್ಟಲಿನ ಆಕಾರಕ್ಕೆ ತೆರೆಯುತ್ತ ಅದರ ಅಂಚನ್ನು ಹೊರಕ್ಕೆ ಬಾಗಿಸಿರಿ. ಹೊರಗೋಡೆಯ ಅಂಚನ್ನು ಸೂಜಿಯಿಂದ ಸಮನಾಗಿ ಕತ್ತರಿಸಿ, ಅದು ಒಳಗೋಡೆಯ ಅಂಚಿನ ಕೆಳಗೆ ಸೇರುವಷ್ಟು ತಗ್ಗಿಸಿರಿ. ಎರಡು ಅಂಚುಗಳಿಗೂ ದಟ್ಟವಾದ ಸ್ಲಿಪ್ ಹಚ್ಚಿ, ಒಳಗೋಡೆಯ ಅಂಚನ್ನು ಹೊರಗೋಡೆಯ ಮೇಲೆ ಮಡಿಸಿ ಕೂರಿಸಿ, ಚಕ್ರ ನಿಧಾನವಾಗಿ ತಿರುಗುತ್ತಿರುವಾಗ ಮೇಲಿನಿಂದ ಒಂದು ಬೆರಳು, ಎರಡು ಬದಿಗಳಿಂದ ಎರಡು ಬೆರಳುಗಳು ಒತ್ತಿ ಹಿಡಿದು ಬೆಸೆಯಿರಿ. ಬೆಸುಗೆಯ ಗೆರೆ ಪೂರ್ತಿ ಮಾಯವಾಗುವವರೆಗೂ ಬಿಡಬೇಡಿರಿ. ಕೊನೆಗೆ ಒದ್ದೆ ಮಾಡಿದ ಮೆದು ತೊಗಲಿನ ಪಟ್ಟಿಯನ್ನು ಅಂಚಿನ ಮೇಲೆ ಹಿಡಿದು ದುಂಡಗೆ ಮಾಡಿರಿ.

ಬಾಯಿ ಮುಚ್ಚಿಕೊಂಡ ಕೂಡಲೇ ಪಾತ್ರೆಯ ನಡತೆ ಬದಲಾಗುತ್ತದೆ. ಒಳಗೆ ಸಿಕ್ಕಿಬಿದ್ದ ಗಾಳಿ ಹೊರಗೋಡೆಗೆ ಆಸರೆಯಾಗುವುದರಿಂದ ಹೊರಗಿನಿಂದ ರಿಬ್ ಒತ್ತಿದರೂ ಗೋಡೆ ಕುಸಿಯುವುದಿಲ್ಲ. ಹೊಟ್ಟೆಯ ವಕ್ರರೇಖೆಯನ್ನು ತಿದ್ದಲು ಇದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಸಿಗದು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ ಎಂಬುದನ್ನಷ್ಟೇ ನೆನಪಿಟ್ಟು, ಅಗಲವಾದ ರಿಬ್‌ನಿಂದ ಬುಡದಿಂದ ಹೆಗಲಿನವರೆಗೆ ಒಂದೇ ಸಮನಾದ ಚಲನೆಯಲ್ಲಿ ಆಕಾರ ಕೊಡಿರಿ.

ಆಕಾರ ತೃಪ್ತಿಕರವಾದ ತಕ್ಷಣ ಸೂಜಿಯಿಂದ ಒಂದು ತೂತು ಮಾಡಿರಿ. ಹೊರಗೋಡೆಯನ್ನು ಕೊರೆಯುವುದಾದರೆ, ಮುಂದೆ ಕತ್ತರಿಸಿ ತೆಗೆಯುವ ಜಾಗದಲ್ಲಿಯೇ ಅದನ್ನು ಚುಚ್ಚಿದರೆ ಗುರುತು ಉಳಿಯುವುದಿಲ್ಲ. ಕೊರೆಯದೆ ಮೇಲ್ಮೈ ಮಾತ್ರ ಕೆತ್ತುವುದಾದರೆ ಪಾದದ (ಪಾತ್ರೆ ನಿಲ್ಲುವ ತಳಭಾಗದ) ಉಂಗುರದ ಒಳಗೆ, ಟೊಳ್ಳಿನ ನೇರ ಕೆಳಗೆ, 2ರಿಂದ 3 ಮಿ.ಮೀ. ಅಗಲದ ಶಾಶ್ವತ ತೂತು ಬೇಕಾಗುತ್ತದೆ. ಈ ತೂತು ಏಕೆ ಎಂಬುದರ ಬಗ್ಗೆ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಹಸಿ ಪಾತ್ರೆ ಆವಿಗೆಯಲ್ಲಿ ಸಿಡಿಯುವುದು ಸಾಮಾನ್ಯವಾಗಿ ಗಾಳಿಯಿಂದಲ್ಲ, ಗೋಡೆಯಲ್ಲಿ ಉಳಿದ ನೀರು ಹಬೆಯಾಗುವುದರಿಂದ. ಆದರೆ ಮುಚ್ಚಿದ ಟೊಳ್ಳು ಬೇರೆ ಎರಡು ಹಂತಗಳಲ್ಲಿ ತೊಂದರೆ ಕೊಡುತ್ತದೆ: ಒಣಗುವಾಗ ಮಣ್ಣು ಕುಗ್ಗಿದರೂ ಗಾಳಿ ಕುಗ್ಗದೆ ಎದುರು ಒತ್ತುವುದರಿಂದ ಬಾಯಿಯ ಬೆಸುಗೆ ಸೀಳುತ್ತದೆ, ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಕರಗಿ ಗೋಡೆಯ ರಂಧ್ರಗಳೆಲ್ಲ ಮುಚ್ಚಿಕೊಂಡ ಮೇಲೆ ಒಳಗಿನ ಗಾಳಿಗೆ ಹೊರಬರುವ ದಾರಿಯೇ ಇರುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಂಧಿಯಾದ ಗಾಳಿಯನ್ನು 1250 ಡಿಗ್ರಿಗೆ ಕಾಯಿಸಿದರೆ ಅದರ ಒತ್ತಡ ಸುಮಾರು 5 ಪಟ್ಟಾಗುತ್ತದೆ, ಅದೂ ಗೋಡೆಯ ಮಣ್ಣು ಮೆತ್ತಗಾಗಿರುವ ಹೊತ್ತಿನಲ್ಲಿ.

ಎರಡು ಭಾಗಗಳಾಗಿ ಮಾಡಿ ಕೂಡಿಸುವುದು

ಪಾತ್ರೆಯ ಎತ್ತರ 15 ಸೆಂ.ಮೀ. ದಾಟುವುದಾದರೆ, ಅಥವಾ ಒಳಗಿನ ಮತ್ತು ಹೊರಗಿನ ಆಕಾರಗಳು ತೀರಾ ಬೇರೆಯಾಗಿದ್ದರೆ, ಒಂದೇ ಮುದ್ದೆಯ ವಿಧಾನವನ್ನು ಹಟದಿಂದ ಹಿಡಿಯುವುದರಲ್ಲಿ ಅರ್ಥವಿಲ್ಲ. ಹೊರಪಾತ್ರೆಯನ್ನೂ ಒಳಬಟ್ಟಲನ್ನೂ ಬೇರೆಬೇರೆಯಾಗಿ ಮಾಡಿ ಕೂಡಿಸಬಹುದು. ಸೋಮ ಬಟ್ಟಲುಗಳನ್ನು ಮಾಡುವ ಕ್ರಮವೂ ಇದೇ.

ಒಂದೇ ಚೀಲದ ಮಣ್ಣನ್ನು ಬಳಸಿ, ಎರಡನ್ನೂ ಒಂದರ ಹಿಂದೆ ಒಂದಾಗಿ ಎತ್ತಬೇಕು. ಹೊರಪಾತ್ರೆಯ ಬಾಯಿಯ ಒಳಬದಿಯಲ್ಲಿ, ಮುಚ್ಚಳ ಕೂರುವುದಕ್ಕೆ ಮಾಡುವಂಥ ಚಿಕ್ಕ ಮೆಟ್ಟಿಲೊಂದನ್ನು ಉಳಿಸಿರಿ. ಒಳಬಟ್ಟಲಿಗೆ ಹೊರಚಾಚಿದ ಅಂಚು ಕೊಟ್ಟು, ಆ ಅಂಚು ಮೆಟ್ಟಿಲಿನ ಮೇಲೆ ಸರಿಯಾಗಿ ಕೂರುವಂತೆ ಎರಡೂ ಒದ್ದೆಯಾಗಿರುವಾಗಲೇ ಕ್ಯಾಲಿಪರ್‌ನಿಂದ ಅಳೆಯಿರಿ. ಒಂದು ಒದ್ದೆ, ಇನ್ನೊಂದು ಒಣಗಿದ್ದು ಎಂದಾದರೆ ಅಳತೆಗೆ ಅರ್ಥವಿಲ್ಲ. ಒಳಬಟ್ಟಲಿನ ತಳ ಹೊರಪಾತ್ರೆಯ ತಳದಿಂದ ಕನಿಷ್ಠ 1 ಸೆಂ.ಮೀ. ಮೇಲೆ ತೂಗುತ್ತಿರಬೇಕು.

ಒತ್ತಿದರೆ ಬಾಗದ, ಆದರೆ ಉಗುರಿನಿಂದ ಗೀರಲು ಬರುವ ಹದವನ್ನು ಸ್ಟುಡಿಯೊಗಳಲ್ಲಿ ಲೆದರ್‌ಹಾರ್ಡ್ ಎನ್ನುತ್ತಾರೆ. ಎರಡೂ ಭಾಗಗಳು ಆ ಹದದ ಮೆತ್ತಗಿನ ತುದಿಗೆ ಬಂದಾಗ ಒಳಬಟ್ಟಲಿನ ತಳವನ್ನು ಹೆರೆದು ಮುಗಿಸಿರಿ, ಹೊರಪಾತ್ರೆಯ ತಳದಲ್ಲಿ ಗಾಳಿಯ ತೂತು ಮಾಡಿರಿ, ಆಮೇಲೆ ಕೂಡುವ ಮೇಲ್ಮೈಗಳೆರಡನ್ನೂ ಅಡ್ಡಡ್ಡ ಗೀರಿ, ಸ್ಲಿಪ್ ಹಚ್ಚಿ, ಒಳಬಟ್ಟಲನ್ನು ಇಳಿಸಿ, ತುಸು ಆಚೀಚೆ ತಿರುಗಿಸುತ್ತ ಒತ್ತಿ ಕೂರಿಸಿರಿ. ಪಾತ್ರೆಯನ್ನು ಮತ್ತೆ ಚಕ್ರದ ಮೇಲೆ ಕೇಂದ್ರಕ್ಕೆ ತಂದು, ಒದ್ದೆ ಸ್ಪಂಜಿನಿಂದ ಅಂಚನ್ನು ಮೆತ್ತಗೆ ಮಾಡಿ ಬೆಸುಗೆಯನ್ನು ಬಿಗಿಗೊಳಿಸಿರಿ. ಕೂಡಿಸಿದ ಪಾತ್ರೆಯನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ ಒಂದು ರಾತ್ರಿ ಇಟ್ಟರೆ ಎರಡು ಭಾಗಗಳ ತೇವ ಸಮಗೊಳ್ಳುತ್ತದೆ. ಸೊಬಗಿನ ದೃಷ್ಟಿಯಿಂದ ಎರಡು ವಿಧಾನಗಳಲ್ಲಿ ಯಾವುದೂ ಮೇಲಲ್ಲ; ಮುಗಿದ ಪಾತ್ರೆಯನ್ನು ನೋಡಿ ಯಾವ ವಿಧಾನದ್ದೆಂದು ಹೇಳುವುದು ಪಳಗಿದ ಕಣ್ಣಿಗೂ ಸುಲಭವಲ್ಲ.

ಪಾದ ಹೆರೆಯುವುದು

ಪಾದವನ್ನು ಕೊರೆತಕ್ಕೆ ಮೊದಲೇ ಹೆರೆದು ಮುಗಿಸಬೇಕು. ಕೊರೆದ ಗೋಡೆ ಬೋರಲು ಹಾಕಿದ ಪಾತ್ರೆಯ ಭಾರವನ್ನಾಗಲಿ, ಲೂಪ್‌ನ ಎಳೆತವನ್ನಾಗಲಿ ತಾಳುವುದಿಲ್ಲ. ಲೆದರ್‌ಹಾರ್ಡ್ ಹದದ ಪಾತ್ರೆಯನ್ನು ಬಾಯಿ ಕೆಳಗಾಗಿ ತೆಳುವಾದ ಫೋಮ್ ಹಾಳೆಯ ಮೇಲೆ ಕೇಂದ್ರಕ್ಕೆ ತಂದು, ಹೆಗಲಿನ ಸುತ್ತ ಮಣ್ಣಿನ ಉಂಡೆಗಳ ಆಸರೆ ಕೊಟ್ಟು ಹೆರೆಯಿರಿ. ಹೊರಗೋಡೆಯ ಬುಡದಲ್ಲಿ ದಪ್ಪ ಉಳಿದಿದ್ದರೆ ಈಗಲೇ ತೆಗೆಯಬೇಕು. ದಪ್ಪವನ್ನು ತಿಳಿಯಲು ಸೂಜಿ ಚುಚ್ಚುವುದಾದರೆ ಅದೂ ಕತ್ತರಿಸಿ ತೆಗೆಯುವ ಜಾಗದಲ್ಲಿಯೇ ಇರಲಿ.

ವಿನ್ಯಾಸ ಗುರುತಿಸುವುದು ಮತ್ತು ಕೊರೆಯುವುದು

ಅಡ್ಡ ಗೆರೆಗಳಿಗೆ ಪೆನ್ಸಿಲನ್ನು ಅಲುಗದಂತೆ ಹಿಡಿದು ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ಸಾಕು. ಉದ್ದ ಗೆರೆಗಳಿಗೆ ಹೊಟ್ಟೆಯ ಸುತ್ತಳತೆಯ ಕಾಗದದ ಪಟ್ಟಿ ಕತ್ತರಿಸಿ, ಅದನ್ನು 8 ಅಥವಾ 16 ಸಮಭಾಗಗಳಾಗಿ ಮಡಿಸಿ, ಮತ್ತೆ ಪಾತ್ರೆಗೆ ಸುತ್ತಿ ಮಡಿಕೆಗಳ ಜಾಗದಲ್ಲಿ ಗುರುತು ಹಾಕಿರಿ. ಆ ಗುರುತುಗಳಿಂದ ಮೇಲಕ್ಕೂ ಕೆಳಕ್ಕೂ ಬಾಗುವ ಪಟ್ಟಿಯೊಂದರ ಸಹಾಯದಿಂದ ಗೆರೆ ಎಳೆಯಿರಿ. ಪೆನ್ಸಿಲ್ ಗೆರೆಗಳು ಆವಿಗೆಯಲ್ಲಿ ಸುಟ್ಟುಹೋಗುವುದರಿಂದ ಅಳಿಸುವ ಚಿಂತೆ ಬೇಡ.

ವಿನ್ಯಾಸ ಯಾವುದೇ ಇರಲಿ, ಅದು ಭಾರವನ್ನು ಕೆಳಕ್ಕೆ ಸಾಗಿಸುವಂತಿರಬೇಕು. ಅಂಚಿನ ಕೆಳಗೂ ಪಾದದ ಮೇಲೂ ಕನಿಷ್ಠ 1.5 ಸೆಂ.ಮೀ. ಅಗಲದ ಪಟ್ಟಿಯನ್ನು ಕೊರೆಯದೆ ಉಳಿಸಿರಿ. ಅವೆರಡರ ನಡುವೆ ಮೇಲಿನಿಂದ ಕೆಳಗಿನವರೆಗೆ ಎಲ್ಲಿಯೂ ಕಡಿಯದೆ ಸಾಗುವ ಕಂಬಿಗಳು ಇದ್ದೇ ಇರಬೇಕು. ಅವು ನೇರವಾಗಿರಲಿ, ಓರೆಯಾಗಿರಲಿ, ಬಳ್ಳಿಯಾಗಿ ಬಳುಕುತ್ತಿರಲಿ, ದಾರಿ ಮುರಿಯಬಾರದು. ಕಂಬಿಯ ಅಗಲ ಗೋಡೆಯ ದಪ್ಪಕ್ಕಿಂತ ಕಡಿಮೆಯಾಗದಿರಲಿ. ಉದ್ದುದ್ದವಾದ ಎಲೆಯಾಕಾರದ ತೆರವು ಅದೇ ಅಳತೆಯ ಅಡ್ಡ ತೆರವಿಗಿಂತ ಗಟ್ಟಿ. ಮೊದಲ ಪಾತ್ರೆಯಲ್ಲಿ ತೆರವುಗಳ ಒಟ್ಟು ಜಾಗ ಕೊರೆಯುವ ಭಾಗದ ಅರ್ಧವನ್ನು ಮೀರದಿದ್ದರೆ ಕ್ಷೇಮ. ತೆರವು ಹೆಚ್ಚಿದಷ್ಟೂ ಕೈಚಳಕ ಮೆರೆಯುತ್ತದೆ ಎಂದು ತೋರಬಹುದು, ಆದರೆ ಒಳಗೋಡೆಯ ನೆರಳು ಆಳವಾಗಿ ಕಾಣಬೇಕಾದರೆ ಅದರ ಮುಂದೆ ಸಾಕಷ್ಟು ಗೋಡೆ ಉಳಿದಿರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಉಬ್ಬು ಕೆತ್ತನೆ ಇದ್ದರೆ ಅದನ್ನು ಮೊದಲು ಮುಗಿಸಿರಿ, ಗೋಡೆ ಇಡಿಯಾಗಿರುವಾಗ ಅದು ಒತ್ತಡ ತಾಳುತ್ತದೆ. ಕೊರೆತಕ್ಕೆ ಹದ ಸ್ವಲ್ಪ ಗಟ್ಟಿಯಾಗಿರಬೇಕು. ಚಾಕು ಎಳೆದಾಗ ಮಣ್ಣು ಅಂಟಿಕೊಂಡು ಬಂದರೆ ಇನ್ನೂ ಬೇಗ, ಪುಡಿಯಾಗಿ ಉದುರಿದರೆ ತಡವಾಯಿತು. ತುಂಡು ಸ್ವಚ್ಛವಾಗಿ ಬಿಟ್ಟುಕೊಂಡರೆ ಹದ ಸರಿಯಿದೆ.

ಪ್ರತಿ ತೆರವಿನ ಮೂಲೆಗಳಲ್ಲಿ ಮೊದಲು ಡ್ರಿಲ್ ಬಿಟ್‌ನಿಂದ ಚಿಕ್ಕ ತೂತುಗಳನ್ನು ಮಾಡಿರಿ. ಚಾಕುವಿನ ಗೆರೆ ಈ ತೂತಿನಲ್ಲಿ ಕೊನೆಗೊಂಡರೆ ಮೂಲೆಯಿಂದಾಚೆಗೆ ಸೀಳು ಹರಿಯುವುದಿಲ್ಲ. ಆಮೇಲೆ ಚಾಕುವನ್ನು ತುಸು ಓರೆಯಾಗಿ ಹಿಡಿದು, ತುಂಡಿನ ಹೊರಮುಖ ಅಗಲವಾಗಿಯೂ ಒಳಮುಖ ಕಿರಿದಾಗಿಯೂ ಇರುವಂತೆ ಕತ್ತರಿಸಿರಿ. ಹೀಗೆ ಕತ್ತರಿಸಿದ ತುಂಡು ಸೀಸೆಯ ಬಿರಡೆಯಂತೆ ಹೊರಕ್ಕೆ ಮಾತ್ರ ಬರುತ್ತದೆ, ಟೊಳ್ಳಿನೊಳಗೆ ಬೀಳುವುದಿಲ್ಲ. ಅದನ್ನು ಸೂಜಿಯಿಂದ ಚುಚ್ಚಿ ಎಳೆದುಕೊಳ್ಳಿರಿ. ಚೂರುಗಳು ಒಳಗೆ ಬಿದ್ದರೂ ಒದ್ದೆಯಾಗಿರುವಾಗ ಕೆದಕಬೇಡಿರಿ. ಪೂರ್ತಿ ಒಣಗಿದ ಮೇಲೆ ಪಾತ್ರೆಯನ್ನು ಓರೆ ಮಾಡಿದರೆ ಉದುರಿಕೊಳ್ಳುತ್ತವೆ. ಅಲಗನ್ನು ಎಷ್ಟು ಆಳಕ್ಕೆ ಬಿಡಬೇಕೆಂಬುದಕ್ಕೆ, ಮೊನೆಯಿಂದ 1 ಸೆಂ.ಮೀ. ದೂರದಲ್ಲಿ ಅಂಟುಪಟ್ಟಿ ಸುತ್ತಿದರೆ ಒಳಗೋಡೆ ಉಳಿಯುತ್ತದೆ.

ಕೊರೆತವನ್ನು ಹೆಗಲಿನಿಂದ ಆರಂಭಿಸಿ ಕೆಳಕ್ಕೆ ಬರುವುದು ಲೇಸು, ಏಕೆಂದರೆ ಮೇಲೆ ಕತ್ತರಿಸುವಾಗಿನ ಒತ್ತಡವನ್ನು ಕೆಳಗಿನ ಇಡೀ ಗೋಡೆ ಹೊರುತ್ತದೆ. ಒಂದೇ ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿರಿ. ಒಂದು ತೆರವು ಈ ಬದಿಯಲ್ಲಾದರೆ ಮುಂದಿನದು ಅದರ ಎದುರು ಬದಿಯಲ್ಲಿ ಆಗಲಿ, ಆಗ ಒಣಗುವಿಕೆಯೂ ಸುತ್ತ ಸಮನಾಗಿರುತ್ತದೆ. ಕೆಲಸ ಹಲವು ಗಂಟೆ ಹಿಡಿಯುವುದರಿಂದ ಕೈ ಆಡದ ಭಾಗವನ್ನು ಪ್ಲಾಸ್ಟಿಕ್‌ನಿಂದ ಮುಚ್ಚಿಟ್ಟು, ಆಗಾಗ ನೀರಿನ ತುಂತುರು ಹೊಡೆಯುತ್ತಿರಿ. ಅಂಚುಗಳ ಚೂಪನ್ನು ಮಾತ್ರ ಕೂಡಲೇ ತೀಡದೆ, ಗೋಡೆ ಇನ್ನಷ್ಟು ಗಟ್ಟಿಯಾದ ಮೇಲೆ ಒದ್ದೆ ಕುಂಚದಿಂದ ನುಣುಪು ಮಾಡಿರಿ. ಒಣಗಿದ ಮೇಲೆ ಮರಳು ಕಾಗದದಿಂದ ಉಜ್ಜುವ ಅಭ್ಯಾಸ ಬೇಡ. ಆ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹಾನಿಕರ.

ಒಣಗಿಸುವುದು

ಹೊರಗೋಡೆಯ ಕಂಬಿಗಳಿಗೆ ನಾಲ್ಕೂ ಕಡೆಯಿಂದ ಗಾಳಿ ತಾಗುತ್ತದೆ. ತಳ ಮತ್ತು ಒಳಗೋಡೆಯ ಬುಡಕ್ಕೆ ಗಾಳಿ ಅಪರೂಪ. ಸುಮ್ಮನೆ ಬಿಟ್ಟರೆ ಕಂಬಿಗಳು ಒಣಗಿ ಕುಗ್ಗಿ ನಿಂತಿರುವಾಗ ಬುಡ ಇನ್ನೂ ಒದ್ದೆಯಾಗಿರುತ್ತದೆ, ಬುಡ ಕುಗ್ಗತೊಡಗಿದಾಗ ಒಣಗಿದ ಕಂಬಿಗಳಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಹೊರಗೋಡೆಯನ್ನು ಪ್ಲಾಸ್ಟಿಕ್‌ನಿಂದ ಸುತ್ತಿ, ಒಳಬಟ್ಟಲಿನ ಬಾಯಿಯನ್ನು ಮಾತ್ರ ತೆರೆದಿಟ್ಟು, ಒಳಗೋಡೆ ಮೊದಲು ಒಣಗುವಂತೆ ಮಾಡಿರಿ. ತೀರಾ ತೆಳುವಾದ ಕಂಬಿಗಳ ಮೇಲೆ ವ್ಯಾಕ್ಸ್ ರೆಸಿಸ್ಟ್ (ಮೇಣದ ದ್ರವ) ಸವರಿದರೆ ಅವು ನಿಧಾನವಾಗಿ ಒಣಗುತ್ತವೆ. ತಂತಿಜಾಲದ ಮೇಲಿಟ್ಟರೆ ತಳಕ್ಕೂ ಗಾಳಿ ಸಿಗುತ್ತದೆ. ಒಂದು ವಾರ ಸುತ್ತಿಟ್ಟು, ಆಮೇಲೆ ದಿನದಿನವೂ ಸ್ವಲ್ಪಸ್ವಲ್ಪ ಸಡಿಲಿಸುತ್ತ ಇನ್ನೊಂದು ವಾರ ತೆಗೆದುಕೊಂಡರೂ ಅದು ಅತಿಯಲ್ಲ. ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ನೀರು ಇನ್ನೂ ಇದೆ ಎಂದರ್ಥ.

ಸುಡುವುದು ಮತ್ತು ಗ್ಲೇಜ್

ಮೊದಲ ಸುಡುವಿಕೆ, ಅಂದರೆ ಬಿಸ್ಕ್, 950ರಿಂದ 1000 ಡಿಗ್ರಿಯವರೆಗೆ. ಆರಂಭದಲ್ಲಿ 80ರಿಂದ 90 ಡಿಗ್ರಿಯಲ್ಲಿ ಕೆಲವು ಗಂಟೆ ನಿಲ್ಲಿಸಿ, ಒಳಗಿನ ತೇವ ಪೂರ್ತಿ ಹೊರಬಿದ್ದ ಮೇಲೆ ಮುಂದುವರಿಯಿರಿ. ಮಣ್ಣಿನ ರಾಸಾಯನಿಕ ನೀರು ಬಿಡುವ 450ರಿಂದ 600 ಡಿಗ್ರಿಗಳ ನಡುವೆಯೂ, ಸ್ಫಟಿಕ ಶಿಲೆಯ ಕಣಗಳು ಹಿಗ್ಗುವ 573 ಡಿಗ್ರಿಯ ಆಸುಪಾಸಿನಲ್ಲಿಯೂ ಆತುರ ಬೇಡ. ತಣಿಸುವಾಗಲೂ ಅದೇ ಎಚ್ಚರ ಬೇಕು, ಏಕೆಂದರೆ ಕೊರೆದ ಹೊರಗೋಡೆ ಒಳಗೋಡೆಗಿಂತ ಬಹಳ ಬೇಗ ತಣಿಯುತ್ತದೆ.

ಗ್ಲೇಜ್ ವಿಷಯದಲ್ಲಿ, ಕೊರೆದ ಪಾತ್ರೆಯನ್ನು ಬಕೆಟ್ಟಿನಲ್ಲಿ ಮುಳುಗಿಸುವುದು ಅತ್ಯಂತ ಕೆಟ್ಟ ಉಪಾಯ. ತೆರವುಗಳಿಂದ ಒಳನುಗ್ಗಿದ ಗ್ಲೇಜ್ ಟೊಳ್ಳಿನ ತಳದಲ್ಲಿ ದಪ್ಪವಾಗಿ ನಿಂತು, ತಣಿಯುವಾಗ ತಳವನ್ನೇ ಸೀಳಬಲ್ಲದು. ಒಳಬಟ್ಟಲಿಗೆ ಗ್ಲೇಜ್ ಸುರಿದು, ಸುತ್ತ ಹೊರಳಿಸಿ, ಚೆಲ್ಲಿರಿ. ಹೊರಗೋಡೆಗೆ ತೆಳುವಾಗಿ ಸ್ಪ್ರೇ ಮಾಡಿರಿ, ಇಲ್ಲವೆ ಗ್ಲೇಜ್ ಹಚ್ಚದೆ ಬರಿಮಣ್ಣಾಗಿಯೇ ಬಿಡಿರಿ. ದಪ್ಪ ಗ್ಲೇಜ್ ಚಿಕ್ಕ ತೆರವುಗಳನ್ನು ಮುಚ್ಚಿ ಕೊರೆತದ ಚೂಪನ್ನು ನುಂಗುತ್ತದೆ. ಬಣ್ಣದ ವ್ಯತ್ಯಾಸ ಬೇಕಿದ್ದರೆ ಒಳಗೋಡೆಯ ಹೊರಮೈಗೆ ಬಾಯಿ ಮುಚ್ಚುವ ಮುನ್ನವೇ ಬಣ್ಣದ ಸ್ಲಿಪ್ ಸವರಿರಬೇಕಾಗುತ್ತದೆ. ಈಗ ಅಲ್ಲಿಗೆ ಕುಂಚವನ್ನು ಸರಿಯಾಗಿ ತಲುಪಿಸುವುದು ಕಷ್ಟ.

ಕೊರೆಯದ ಪಾತ್ರೆಯಾದರೆ ಪಾದದ ತೂತಿಗೆ ವ್ಯಾಕ್ಸ್ ಹಚ್ಚಿ, ಗ್ಲೇಜ್ ಅದನ್ನು ಮುಚ್ಚಿಲ್ಲವೆಂದು ಸೂಜಿಯಿಂದ ಪರೀಕ್ಷಿಸಿದ ಮೇಲೆಯೇ ಆವಿಗೆಗೆ ಇಡಿರಿ. ಅಂತಿಮ ಸುಡುವಿಕೆಯ ಉಷ್ಣತೆ ಮಣ್ಣನ್ನು ಅವಲಂಬಿಸಿದೆ: ಮಧ್ಯಮ ಶಾಖದ ಸ್ಟೋನ್‌ವೇರ್‌ಗೆ 1220ರಿಂದ 1240, ಹೆಚ್ಚಿನ ಶಾಖದ್ದಕ್ಕೆ 1280ರಿಂದ 1300 ಡಿಗ್ರಿ. ಬಹಳವಾಗಿ ಕೊರೆದ ಪಾತ್ರೆಯನ್ನು ಮಣ್ಣಿಗೆ ಹೇಳಿದ ಮಿತಿಯ ಕೆಳತುದಿಯಲ್ಲಿ ಸುಟ್ಟರೆ ಹೆಗಲು ಬಾಗುವ ಸಂಭವ ಕಡಿಮೆ.

ತಣಿದ ಮೇಲೆ ಪಾದದ ತೂತನ್ನು ಸಿಲಿಕೋನ್ ಸೀಲೆಂಟ್‌ನಿಂದ ಮುಚ್ಚಬಹುದು. ಹಾಗೆಯೇ ಬಿಟ್ಟರೆ ತೊಳೆಯುವಾಗ ನೀರು ಒಳಸೇರಿ ವಾರಗಟ್ಟಲೆ ಉಳಿಯುತ್ತದೆ. ಮುಚ್ಚಿದ್ದರೂ ಮುಚ್ಚದಿದ್ದರೂ ಇಂಥ ಪಾತ್ರೆಯನ್ನು ಮೈಕ್ರೊವೇವ್ ಒಲೆಯಲ್ಲಿಡಬಾರದು, ಟೊಳ್ಳಿನಲ್ಲಿ ಉಳಿದ ನೀರು ಅಲ್ಲಿ ಹಬೆಯಾದರೆ ಪಾತ್ರೆ ಒಡೆಯುತ್ತದೆ. ಜಾಲಂಧ್ರ ಕೊರೆದದ್ದಾದರೆ ಬೋರಲು ಹಾಕಿ, ಒಂದೆರಡು ಬಾರಿ ಬದಿ ಬದಲಿಸಿ, ಒಳಗಿನ ನೀರೆಲ್ಲ ಇಳಿದ ಮೇಲೆ ಎತ್ತಿಡಿರಿ.